ಬಾವಿ ತೋರಿಸುವ ಶಾಸ್ತ್ರ

ಶಂಕರಪುರಂ ಗಂಡಭೇರುಂಡ ಬಾಸ್ಕೆಟ್‌ಬಾಲ್ ಸಂಘಕ್ಕೆ ಚಿದಂಬರ ಹನ್ನೊಂದು ವರ್ಷದಿಂದ ಕ್ಯಾಪ್ಟನ್. ಅವನು ಚೆಂಡು ಪುಟಿಸಿದರೆ ಲಾಲ್‌ಬಾಗಿನ ಬಂಡೆಗೆ ನಡುಕ ಹುಟ್ಟುತ್ತಿತ್ತು. ಅವನು ಪಾಸ್ ಕೊಟ್ಟರೆ ಚೆಂಡು ಎದುರಾಳಿಯ ಕಿವಿಯ ಪಕ್ಕ ಹಾದುಹೋಗುವಾಗ ಮನೆಯವರ ಕ್ಷೇಮಸಮಾಚಾರ ವಿಚಾರಿಸಿಕೊಂಡು ಹೋಗುತ್ತಿತ್ತು. ಈ ಹನ್ನೊಂದು ವರ್ಷದಲ್ಲಿ ಅವನು ಬೆಂಚಿನ ಮೇಲೆ ಕೂತದ್ದನ್ನು ಕಂಡವರು ಚಾಮರಾಜಪೇಟೆಯಿಂದ ಗಾಂಧಿಬಜಾರಿನವರೆಗೆ ಹುಡುಕಿದರೂ ಒಬ್ಬರೂ ಸಿಗುವುದಿಲ್ಲ. ಬೆಂಚಿಗೂ ಅವನಿಗೂ ಎಣ್ಣೆ ಸೀಗೇಕಾಯಿ.

ಲೀಗ್ ಶುರುವಾಗಲು ಇನ್ನು ಎಂಟೇ ದಿನ ಇತ್ತು. ಬೆಳಗಿನ ಆರು ಗಂಟೆಗೆ ಕೋಚ್ ನರಸಿಂಹಯ್ಯನವರು ಕೊರಳಿಗೆ ಸೀಟಿ, ತಲೆಗೆ ಮಫ್ಲರು ಸುತ್ತಿಕೊಂಡು ಅಂಕಣಕ್ಕೆ ಬಂದರು. ಅವರ ಹಿಂದೆ ಒಬ್ಬ ನರೆಗೂದಲಿನ ಮನುಷ್ಯ. ಉದ್ದ ಕೈ, ಒಣ ಮೈ, ಮುಖದಲ್ಲಿ ಬಾಡಿಗೆ ಮನೆ ನೋಡಲು ಬಂದವನ ಕಳೆ.

"ಇವರು ಮುರುಗೇಶ. ಓಕಳಿಪುರಂನೋರು. ರೈಲ್ವೆ ಟೀಮಿಗೆ ಹದಿನೈದು ವರ್ಷ ಆಡಿದಾರೆ. ಈ ಸೀಸನ್ನಿಗೆ ನಿಂಗೆ ಬ್ಯಾಕಪ್ಪು ಕಣೋ ಚಿದು" ಎಂದರು ನರಸಿಂಹಯ್ಯ.

"ನಂಗ್ಯಾಕೆ ಸಾರ್ ಬ್ಯಾಕಪ್ಪು? ನಾನೇನು ಮೊಬೈಲಾ?"

ಹುಡುಗರು ಕಿಸಕ್ಕೆಂದರು. ಮುರುಗೇಶ ಮಾತ್ರ ನಗಲಿಲ್ಲ. ಚಿದಂಬರನ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ, ಆಮೇಲೆ ಕಾಲಿನಿಂದ ತಲೆಯವರೆಗೆ ಇನ್ನೊಮ್ಮೆ. ಆ ಎರಡನೆಯ ನೋಟ ಚಿದಂಬರನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಕಲ್ಯಾಣಮಂಟಪಕ್ಕೆ ಎರಡನೆಯ ಪುರೋಹಿತರನ್ನು ಕರೆಸುತ್ತಾರೆ ಎಂದರೆ ಮೊದಲನೆಯವರ ಮಂತ್ರ ಸಾಕಾಯಿತು ಅಂತಲೇ ಅರ್ಥ, ಅಲ್ಲವೆ?

ಮನೆಗೆ ಹೋದವನೇ ಉಪ್ಪಿಟ್ಟಿನ ತಟ್ಟೆಯ ಮುಂದೆ ಹೆಂಡತಿ ಯಶಶ್ರೀಗೆ ಎಲ್ಲ ಒದರಿದ. "ನನ್ನ ಜಾಗಕ್ಕೇ ತಂದಿದಾರೆ ಕಣೇ. ನೋಡ್ತಿರು, ಅರ್ಧ ಸೀಸನ್ನಿಗೆ ಅವ್ನು ಒಳಗೆ, ನಾನು ಹೊರಗೆ."

"ನಿಮಗಿಂತ ಏಳು ವರ್ಷ ದೊಡ್ಡೋರಂತೆ. ಅವರನ್ನ ಕಂಡು ಹೆದರೋದಾ?"

"ಹೆದರಿಕೆ ಅಲ್ವೇ. ಅನುಮಾನ."

"ಎರಡಕ್ಕೂ ಉಪ್ಪಿಟ್ಟು ಒಂದೇ. ತಿನ್ನಿ" ಎಂದಳು ಯಶಶ್ರೀ.

ಈಗ ಆ ಅಂಕಣದ ಗುಟ್ಟು ಹೇಳಲೇಬೇಕು. ಅಂಕಣದ ಪೂರ್ವದ ಬುಟ್ಟಿಯ ಮುಂದೆ, ಬುಟ್ಟಿಗೆ ಮುಖ ಮಾಡಿ ನಿಂತರೆ ಎಡಗಡೆಗೆ, ಮೊರದಗಲದ ಒಂದು ಜಾಗ. ಅಲ್ಲಿ ಯಾವುದೋ ಕಾಲದಲ್ಲಿ ಬಾವಿ ಇತ್ತು. ಅದನ್ನು ಮುಚ್ಚಿ ಮೇಲೆ ಸಿಮೆಂಟು ಬಳಿದಿದ್ದರು. ಒಳಗಿನ ಮಣ್ಣು ಕುಸಿದು ಈಗ ಕೆಳಗೆಲ್ಲ ಟೊಳ್ಳು. ಅಲ್ಲಿಗೆ ಬಿದ್ದ ಚೆಂಡು ಮೇಲೇಳುವುದೇ ಇಲ್ಲ, ತಟ್ಟೆಗೆ ಬಿದ್ದ ರಾಗಿಮುದ್ದೆಯ ಹಾಗೆ ಕೂತುಬಿಡುತ್ತದೆ. ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೊರಗಿನಿಂದ ಬಂದ ಎಷ್ಟು ತಂಡಗಳ ಮಾನ ಅಲ್ಲಿ ಹೂತುಹೋಗಿದೆ ಎಂದು ಲೆಕ್ಕ ಹಾಕಿದರೆ ಬಾವಿ ತುಂಬಿ, ಅಂಕಣ ತುಂಬಿ, ಬುಲ್‌ಟೆಂಪಲ್ ರಸ್ತೆಗೆ ಹರಿದೀತು.

ಸಂಘಕ್ಕೆ ಹೊಸಬ ಬಂದರೆ ಅವನಿಗೆ ಈ ಬಾವಿ ತೋರಿಸುವುದು ಒಂದು ಶಾಸ್ತ್ರ. ತೋರಿಸುವ ಹಕ್ಕು ಕ್ಯಾಪ್ಟನ್‌ಗೆ ಮಾತ್ರ. ಮೊದಲ ಪಂದ್ಯಕ್ಕೆ ಮುಂಚೆ ಅವನು ಹೊಸಬನ ಕೈ ಹಿಡಿದು ಕರೆದೊಯ್ದು, ಆ ಜಾಗದ ಮೇಲೆ ನಿಲ್ಲಿಸಿ, ಹಿಮ್ಮಡಿಯಿಂದ ಮೂರು ಸಲ ಕುಟ್ಟಬೇಕು. ಉಳಿದವರು ಆಗ ಬೆನ್ನು ತಿರುಗಿಸಿ ನಿಲ್ಲಬೇಕು, ಆಮೇಲೂ ಬಾಯಿ ಬಿಡಬಾರದು. ತೋರಿಸದ ಕ್ಯಾಪ್ಟನ್‌ನ ಕ್ಯಾಪ್ಟನ್‌ಗಿರಿಯೂ ಹೋಯಿತು, ತಂಡದ ಜಾಗವೂ ಹೋಯಿತು. ಹಿಂದೆ ಒಬ್ಬ ಹಾಗೆ ಮಾಡಿದ್ದಕ್ಕೆ ಅವನನ್ನು ಓಡಿಸಿದ ರಭಸಕ್ಕೆ ಅವನು ತುಮಕೂರಿನಲ್ಲಿ ಹೋಗಿ ನಿಂತನಂತೆ.

ಚಿದಂಬರ ಶಾಸ್ತ್ರವನ್ನು ದಿನದಿಂದ ದಿನಕ್ಕೆ ಮುಂದೂಡಿದ. ಪೂರ್ವದ ಬುಟ್ಟಿಯ ಕಡೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ನೆಪ ಹೇಳಿ ಅಭ್ಯಾಸವನ್ನೆಲ್ಲ ಪಶ್ಚಿಮದ ಅರ್ಧದಲ್ಲೇ ಮಾಡಿಸಿದ. ಬೆಳಗ್ಗೆ ಆರು ಗಂಟೆಗೆ, ಮೋಡ ಮುಚ್ಚಿದ ಬೆಂಗಳೂರಿನಲ್ಲಿ, ಬಿಸಿಲು!

ಅಷ್ಟರಲ್ಲಿ ಅನುಮಾನಕ್ಕೆ ರೆಕ್ಕೆಪುಕ್ಕ ಎರಡೂ ಬಂದವು. ಮುರುಗೇಶನ ಮನೆ ಓಕಳಿಪುರಂ. ಆದರೆ ಗುರುವಾರ ಅಭ್ಯಾಸ ಮುಗಿದ ಮೇಲೆ ಅವನು ಹತ್ತಿದ್ದು ಮಲ್ಲೇಶ್ವರದ ಬಸ್ಸು. ಮೊದಲ ಪಂದ್ಯ ಯಾರ ಮೇಲೆ? ಮಲ್ಲೇಶ್ವರದ ಸಂಪಿಗೆ ಕ್ಲಬ್ಬಿನ ಮೇಲೆ. ಚಿದಂಬರ ಸ್ಕೂಟರ್ ಹತ್ತಿ ಬಸ್ಸಿನ ಬಾಲ ಹಿಡಿದ. ಹದಿನೇಳು ಸಿಗ್ನಲ್ಲು, ನಾನೂರು ಆಟೋ, ಒಂದು ಹೋರಿ, ಎಲ್ಲವನ್ನೂ ದಾಟಿ ಎಂಟನೇ ಕ್ರಾಸಿನ ಹೂವಿನಂಗಡಿಯ ಮರೆಯಲ್ಲಿ ನಿಂತ. ಸೇವಂತಿಗೆ ಹಾರಗಳ ಸಂದಿಯಿಂದ ಅವನು ಕಂಡದ್ದೇನು? ಸಂಪಿಗೆ ಕ್ಲಬ್ಬಿನ ಗೇಟಿನಿಂದ ಮುರುಗೇಶ ಹೊರಗೆ ಬರುತ್ತಿದ್ದಾನೆ. ಕೈಯಲ್ಲಿ ಭಾರದ ಬಟ್ಟೆಚೀಲ. ಪಕ್ಕದಲ್ಲಿ ಆ ಕ್ಲಬ್ಬಿನ ಕ್ಯಾಪ್ಟನ್ ವಸಿಷ್ಠ, ಮುರುಗೇಶನ ಹೆಗಲ ಮೇಲೆ ಕೈ ಹಾಕಿಕೊಂಡು!

"ಎಷ್ಟು ಮೊಳ ಬೇಕು ಸಾರ್?" ಎಂದು ಹೂವಿನವಳು ಕೇಳಿದಳು. ಸಿಕ್ಕಿಬೀಳಬಾರದೆಂದು ಚಿದಂಬರ ನಾಲ್ಕು ಮೊಳ ಮಲ್ಲಿಗೆ ಕೊಂಡ. ಅದನ್ನು ಮನೆಯಲ್ಲಿ ಕಂಡು ಯಶಶ್ರೀಗೂ ಅನುಮಾನ ಬಂತು. ಅದು ಬೇರೆಯೇ ತರಹದ್ದು.

ಮಲ್ಲೇಶ್ವರದಿಂದ ಮನೆಗೆ ಬರುವ ದಾರಿಯುದ್ದಕ್ಕೂ ಚಿದಂಬರ ಒಂದೇ ಯೋಚನೆ ಮಾಡಿದ್ದ. ಇವನು ಗೂಢಚಾರನಾದರೆ ಬಾವಿ ತೋರಿಸುವಂತಿಲ್ಲ. ತೋರಿಸದಿದ್ದರೆ ತನ್ನ ತಲೆ ಹೋಗುತ್ತದೆ. ಚಾಮರಾಜಪೇಟೆ ತಲುಪುವ ಹೊತ್ತಿಗೆ ಚಾಣಕ್ಯನೇ ಶಿಷ್ಯನಾಗಿ ಬರುವಂಥ ಉಪಾಯ ಹೊಳೆಯಿತು. ಬಾವಿ ತೋರಿಸುವುದು, ಆದರೆ ತಪ್ಪು ಜಾಗದಲ್ಲಿ! ಪಂದ್ಯದಲ್ಲಿ ಮಲ್ಲೇಶ್ವರದವರು ಆ ಸುಳ್ಳು ಜಾಗವನ್ನು ಸುತ್ತಿಕೊಂಡು ಹೋದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಶನಿವಾರ ಬೆಳಗ್ಗೆ ಹುಡುಗರೆಲ್ಲ ಬೆನ್ನು ತಿರುಗಿಸಿ ನಿಂತರು. ನರಸಿಂಹಯ್ಯನವರೂ ತಿರುಗಿದರು. ಚಿದಂಬರ ಮುರುಗೇಶನ ಕೈ ಹಿಡಿದು ಪೂರ್ವದ ಬುಟ್ಟಿಯ ಬಲಗಡೆಗೆ ಕರೆದೊಯ್ದು ಹಿಮ್ಮಡಿಯಿಂದ ಮೂರು ಸಲ ಕುಟ್ಟಿದ. "ಇದೇ ಬಾವಿ. ಇಲ್ಲಿ ಚೆಂಡು ಏಳಲ್ಲ" ಎಂದು ಪಿಸುಗುಟ್ಟಿದ.

ಮುರುಗೇಶ ಚೆಂಡನ್ನು ಅಲ್ಲಿ ಒಮ್ಮೆ ಪುಟಿಸಿ ನೋಡಿದ. ಅದು ಎದೆಯವರೆಗೆ ಎದ್ದಿತು. "ಚೆನ್ನಾಗೇ ಏಳ್ತಿದೆಯಲ್ಲ ಕ್ಯಾಪ್ಟನ್?"

"ಹತ್ತು ಸಲಕ್ಕೆ ಒಂದ್ಸಲ ಮೋಸ ಮಾಡತ್ತೆ. ಯಾವ ಸಲ ಅಂತ ಬಾವಿಗೇ ಗೊತ್ತಿರಲ್ಲ."

ಮುರುಗೇಶ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡ. "ಸರಿ. ನೀವು ಹೇಳಿದ ಮೇಲೆ ಆಯ್ತು. ಇಲ್ಲಿಗೆ ಕಾಲಿಡಲ್ಲ" ಎಂದ.

ಭಾನುವಾರ ಸಂಜೆ ನಾಲ್ಕಕ್ಕೆ ಪಂದ್ಯ. ಜನ ಎಷ್ಟು ಸೇರಿದ್ದರೆಂದರೆ, ಅಂಕಣದ ಕಾಂಪೌಂಡಿನ ಮೇಲೆ ಕಾಗೆಗೂ ಜಾಗ ಸಿಗದೆ ಅವು ರಿಸರ್ವೇಶನ್ ಕೇಳುತ್ತಿದ್ದವು. ಮೊದಲರ್ಧದಲ್ಲಿ ಪೂರ್ವದ ಬುಟ್ಟಿಗೆ ನುಗ್ಗುವ ಸರದಿ ಮಲ್ಲೇಶ್ವರದವರದು. ಚಿದಂಬರ ಚೆಂಡಿಗಿಂತ ಹೆಚ್ಚಾಗಿ ಅವರ ಕಾಲು ನೋಡಿದ. ಬಲಗಡೆಯ ಸುಳ್ಳು ಜಾಗದ ಮೇಲೆ ಅವರು ಮನೆಯ ಅಂಗಳದಲ್ಲಿ ಓಡಾಡುವಂತೆ ಓಡಾಡಿದರು, ಚೆಂಡು ಪುಟಿಸಿದರು, ವಸಿಷ್ಠ ಅಲ್ಲೇ ನಿಂತು ಲೇಸನ್ನೂ ಕಟ್ಟಿಕೊಂಡ. ಎಡಗಡೆಯ ನಿಜವಾದ ಬಾವಿಯಲ್ಲಿ ಎರಡು ಸಲ ಚೆಂಡು ಕಳೆದುಕೊಂಡು ಕಣ್ಣುಕಣ್ಣು ಬಿಟ್ಟರು.

ಹಾಗಾದರೆ ಮುರುಗೇಶ ಹೇಳಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಅನುಮಾನ ಬಿಡುತ್ತಿದ್ದರು. ಚಿದಂಬರ ಬಿಡಲಿಲ್ಲ. ಹೇಳಿದ್ದಾನೆ, ಹೇಳಿದ್ದು ತನಗೆ ಗೊತ್ತಾಗಬಾರದೆಂದು ಅವರು ಬೇಕೆಂದೇ ಅಲ್ಲಿ ತುಳಿಯುತ್ತಿದ್ದಾರೆ ಎಂದುಕೊಂಡ. ಬೆಂಚಿನ ಕಡೆ ನೋಡಿದರೆ ಮುರುಗೇಶ ಹಳೆಯ, ಅಟ್ಟೆ ಸವೆದ ಬೂಟು ಹಾಕಿಕೊಂಡು, ಮೊಣಕೈ ಮಂಡಿಯ ಮೇಲೂರಿ ಕೂತಿದ್ದ. ನಿಜವಾದ ಬಾವಿಯಲ್ಲಿ ಚೆಂಡು ಸತ್ತದ್ದನ್ನು ಅವನು ನೋಡಿದನೋ ಇಲ್ಲವೋ? ನೋಡಿದ್ದರೆ ಆ ಮುಖ ಯಾಕೆ ಕಲ್ಲಿನ ಹಾಗಿದೆ?

ಅನುಮಾನದಲ್ಲಿ ಆಡುವವನ ಕೈ ಎಲ್ಲೋ, ಕಣ್ಣು ಎಲ್ಲೋ. ಫೌಲಿನ ಮೇಲೆ ಫೌಲು ಬಿದ್ದವು. ಪಂದ್ಯ ಮುಗಿಯಲು ಐವತ್ತು ಸೆಕೆಂಡು ಇದೆ, ಶಂಕರಪುರಂ ಒಂದು ಅಂಕ ಹಿಂದಿದೆ ಎನ್ನುವಾಗ ಚಿದಂಬರ ವಸಿಷ್ಠನ ಅಂಗಿಯನ್ನು ಹಿಡಿದೆಳೆದ. ಸೀಟಿ ಕೂಗಿತು. ಐದನೆಯ ಫೌಲು. ಐದಾದ ಮೇಲೆ ಆಡುವಂತಿಲ್ಲ, ಅದು ಆಟದ ಕಾನೂನು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಚಿದಂಬರ ಬೆಂಚಿನ ಕಡೆಗೆ ನಡೆದ. ಗೆರೆಯ ಬಳಿ ಮುರುಗೇಶ ಎದುರಾಗಿ ಕೈ ಚಾಚಿದ. ಈಗ ದ್ವಿತೀಯಾರ್ಧ, ಪೂರ್ವದ ಬುಟ್ಟಿಗೆ ನುಗ್ಗಬೇಕಾದವರು ಶಂಕರಪುರಂನವರೇ. ಬಾಯಿ ಬಿಟ್ಟು ಹೇಳಬೇಕಾದದ್ದು ಎರಡೇ ಮಾತು: ಬಾವಿ ಎಡಗಡೆ ಕಣ್ರೀ, ಬಲಗಡೆ ಅಲ್ಲ. ಚಿದಂಬರ ಬಾಯಿ ಬಿಟ್ಟ. ಆದರೆ ಮೂರಡಿ ದೂರದಲ್ಲಿ ವಸಿಷ್ಠ ನಿಂತು ಮುರುಗೇಶನನ್ನು ನೋಡಿ ಮುಗುಳ್ನಕ್ಕ. ಚಿದಂಬರನ ಬಾಯಿ ಮುಚ್ಚಿಕೊಂಡಿತು.

ಆ ಫೌಲಿಗೆ ಸಿಕ್ಕ ಎರಡು ಫ್ರೀ ಥ್ರೋನಲ್ಲಿ ವಸಿಷ್ಠ ಎರಡನ್ನೂ ಕಳೆದುಕೊಂಡ. ಚೆಂಡು ಮುರುಗೇಶನ ಕೈಗೆ ಬಂತು. ನಲವತ್ತಮೂರರ ಆ ಮನುಷ್ಯ ಚೆಂಡನ್ನು ಹೇಗೆ ಪುಟಿಸಿಕೊಂಡು ಹೋದ ಎಂದರೆ, ಚೆಂಡಿಗೆ ತಾನು ದುಂಡಗಿರುವುದು ಅವತ್ತೇ ಗೊತ್ತಾಯಿತು. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ಬಲಗಡೆ ದಾರಿ ಹೆದ್ದಾರಿಯ ಹಾಗೆ ಖಾಲಿ ಬಿದ್ದಿತ್ತು. ಆದರೂ ಮುರುಗೇಶ ಅತ್ತ ಹೋಗಲಿಲ್ಲ. ಕ್ಯಾಪ್ಟನ್ ಬೇಡ ಅಂದಿದ್ದನಲ್ಲ! ಮಾತಿಗೆ ಕಟ್ಟುಬಿದ್ದು, ಕಷ್ಟಪಟ್ಟು, ಎಡಗಡೆಗೆ ತಿರುಗಿದ. ನೇರವಾಗಿ ಬಾವಿಯ ಕಡೆಗೆ.

ಚಿದಂಬರನಿಗೆ ಆಗ ತಿಳಿಯಿತು. ಗೂಢಚಾರನಾಗಿದ್ದರೆ ಈ ಮನುಷ್ಯ ಹೀಗೆ ಸುಳ್ಳನ್ನು ತಲೆಮೇಲೆ ಹೊತ್ತು ಆಡುತ್ತಿರಲಿಲ್ಲ. ಕೂಗಿದರೆ ಸಂಘದ ಗುಟ್ಟು ಬೀದಿಪಾಲು, ತನ್ನ ಜಾಗ ಮಣ್ಣುಪಾಲು. ಕೂಗದಿದ್ದರೆ ಪಂದ್ಯ ಬಾವಿಪಾಲು. ಅವನು ಬೆಂಚಿನ ಮೇಲೆ ಹತ್ತಿ ನಿಂತ.

"ಅಲ್ಲಿ ಬೇಡಾ! ಎಡಗಡೆ ಬೇಡಾ! ಅಲ್ಲೇ ಕಣ್ರೀ ಬಾವಿ ಇರೋದು!"

ಆ ಕೂಗಿಗೆ ಬುಲ್‌ಟೆಂಪಲ್ ರಸ್ತೆಯ ಗುಡಿಯ ದೊಡ್ಡ ಗಣಪತಿ ಒಂದು ಕಿವಿ ಮುಚ್ಚಿಕೊಂಡನಂತೆ. ಮುರುಗೇಶ ಬಾವಿಗೆ ಒಂದೇ ಹೆಜ್ಜೆ ಹಿಂದೆ ನಿಂತು ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಬುಟ್ಟಿಯ ಕೆಳಗಿದ್ದ ತಮ್ಮ ತಂಡದ ಉದ್ದನೆಯ ರಾಘವನಿಗೆ ತಲೆಯ ಮೇಲಿಂದ ಎಸೆದ. ರಾಘವ ಬುಟ್ಟಿಗೆ ಹಾಕಿದ. ಉಳಿದ ಸೆಕೆಂಡುಗಳನ್ನು ಹೇಗೋ ತಡೆದರು. ಶಂಕರಪುರಂ ಒಂದು ಅಂಕದಿಂದ ಗೆದ್ದಿತು.

ಗೆದ್ದ ಖುಷಿ ನರಸಿಂಹಯ್ಯನವರ ಮುಖದಲ್ಲಿ ಇರಲಿಲ್ಲ. ಅತ್ತ ವಸಿಷ್ಠ ಆಗಲೇ ಬಾವಿಯ ಮೇಲೆ ಚೆಂಡು ಬಡಿದು, ತನ್ನ ಹುಡುಗರನ್ನು ಕರೆದು, ಪ್ರದರ್ಶನ ಇಟ್ಟಿದ್ದ.

"ಲೋ ಚಿದು, ನಿನ್ನೆ ಶಾಸ್ತ್ರ ಮಾಡಿದ್ಯಲ್ಲೋ?" ಎಂದರು ನರಸಿಂಹಯ್ಯ. "ಬಾವಿ ತೋರಿಸಿದ್ಮೇಲೆ ಇವರ್ಯಾಕೆ ಅದರ ಮೇಲೇ ಹೋದ್ರು? ಸರಿಯಾಗಿ ತೋರಿಸಿದ್ಯೋ ಇಲ್ವೋ?"

ಹುಡುಗರೆಲ್ಲ ತಿರುಗಿ ನೋಡಿದರು. ಚಿದಂಬರನ ಕಣ್ಣಿಗೆ ತುಮಕೂರಿನ ಬಸ್‌ಸ್ಟ್ಯಾಂಡು ಕಂಡಿತು.

"ತೋರಿಸಿದ್ರು ಸಾರ್" ಎಂದ ಮುರುಗೇಶ, ಮುಖ ಒರೆಸಿಕೊಳ್ಳುತ್ತ. "ಮೂರು ಸಲ ಕುಟ್ಟೇ ತೋರಿಸಿದ್ರು. ನಾನೇ ಓಟದಲ್ಲಿ ಮರೆತ್ಬಿಟ್ಟೆ. ವಯಸ್ಸಾಯ್ತಲ್ಲ."

ನರಸಿಂಹಯ್ಯ ಇಬ್ಬರನ್ನೂ ನೋಡಿ, ಒಮ್ಮೆ ಹೂಂಕರಿಸಿ, ಬಾವಿ ಸರಿಯಾಗಿ ಮುಚ್ಚಿಸಲು ಸಿಮೆಂಟಿನ ಮೇಸ್ತ್ರಿಗೆ ಫೋನು ಹಚ್ಚಿದರು.

ನಲ್ಲಿಯ ಹತ್ತಿರ ಮುರುಗೇಶ ಒಬ್ಬನೇ ಸಿಕ್ಕಿದಾಗ ಚಿದಂಬರ ಸುಮ್ಮನಿರಲಾರದೆ ಕೇಳಿದ. "ಯಾಕ್ರೀ ನನ್ನ ಉಳಿಸಿದ್ರಿ? ನಿಮಗೇನಾಗ್ಬೇಕು ನನ್ನಿಂದ?"

"ಮೊದಲು ನೀವು ಹೇಳಿ, ಯಾಕೆ ಸುಳ್ಳು ಜಾಗ ತೋರಿಸಿದ್ರಿ?"

"ಗುರುವಾರ ನೀವು ಮಲ್ಲೇಶ್ವರಕ್ಕೆ ಹೋಗಿದ್ರಿ. ವಸಿಷ್ಠ ಹೆಗಲ ಮೇಲೆ ಕೈ ಹಾಕಿದ್ದ. ಕೈಯಲ್ಲಿ ಚೀಲ ಇತ್ತು. ಎಲ್ಲಾ ನೋಡಿದೀನಿ."

ಮುರುಗೇಶ ಮೊದಲ ಸಲ ನಕ್ಕ. ಕಾಲೆತ್ತಿ ಬೂಟು ತೋರಿಸಿದ. "ಚೀಲದಲ್ಲಿ ಇದಿತ್ತು. ಆರು ವರ್ಷ ಅವರ ಕ್ಲಬ್ಬಿನ ಚಿಕ್ಕ ಹುಡುಗರಿಗೆ ಆಟ ಹೇಳಿಕೊಟ್ಟಿದೀನಿ ತಮ್ಮಾ. ಈ ವರ್ಷ 'ಅಣ್ಣಾ, ಸಾಕು, ರೆಸ್ಟ್ ತಗೊಳ್ಳಿ' ಅಂತ ಹೆಗಲು ತಟ್ಟಿ ಕಳಿಸಿದ್ರು. ಬೂಟು ಅಲ್ಲೇ ಇತ್ತು, ತರಕ್ಕೆ ಹೋಗಿದ್ದೆ."

ಚಿದಂಬರ ನಲ್ಲಿ ತಿರುಗಿಸಿದ, ಮತ್ತೆ ನಿಲ್ಲಿಸಿದ. "ಅದು ಸರಿ. ಸತ್ಯ ಹೇಳಿದ್ದಿದ್ರೆ ನನ್ನ ಜಾಗ ನಿಮಗೇ ಸಿಗ್ತಿತ್ತಲ್ಲ?"

"ಅದನ್ನಿಟ್ಕೊಂಡು ನಾನೇನು ಮಾಡ್ಲಿ? ನನ್ನ ಮೈಯಲ್ಲಿರೋದು ಒಂದು ಮ್ಯಾಚಿಗೆ ಹತ್ತು ನಿಮಿಷದ ಉಸಿರು. ಆಟ ನಲವತ್ತು ನಿಮಿಷ. ನಿನ್ನ ಓಡಿಸಿಬಿಟ್ರೆ ಮಿಕ್ಕ ಮೂವತ್ತು ನಿಮ್ಮಪ್ಪ ಬಂದು ಆಡ್ತಾರಾ? ನೀನು ಇದ್ರೆ ತಾನೆ ನನಗೆ ಆ ಹತ್ತು?"

ಚಿದಂಬರ ಮತ್ತೆ ನಲ್ಲಿ ತಿರುಗಿಸಿ ಮುಖ ತೊಳೆದ. ಮುಕ್ಕಾಲು ನಂಬಿದ. ಕಾಲುಭಾಗವನ್ನು ಮುನ್ನೆಚ್ಚರಿಕೆಯಾಗಿ ಜೇಬಿನಲ್ಲಿಟ್ಟುಕೊಂಡ.

ಮುಂದಿನ ಪಂದ್ಯ ಮತ್ತಿಕೆರೆಯವರ ಅಂಕಣದಲ್ಲಿ. ಮೂರನೆಯ ಕ್ವಾರ್ಟರ್ ನಡೆಯುತ್ತಿದ್ದಾಗ ಚಿದಂಬರ ನರಸಿಂಹಯ್ಯನವರ ಕಡೆ ತಿರುಗಿ ತಾನಾಗಿಯೇ ಕೈಯೆತ್ತಿದ. ಅವರಿಗೆ ಅರ್ಥವಾಗದೆ, "ಏನೋ, ಗಾಯ ಆಯ್ತಾ?" ಎಂದು ಕೂಗಿದರು.

"ಇಲ್ಲ ಸಾರ್. ಮುರುಗೇಶಣ್ಣನ್ನ ಕಳ್ಸಿ."

ಮುರುಗೇಶ ಒಳಗೆ ಹೋದ. ಚಿದಂಬರ ಬೆಂಚಿನ ಮೇಲೆ ಕೂತ. ಅದು ಮುಳ್ಳಿನದ್ದೇನೂ ಆಗಿರಲಿಲ್ಲ, ಬರೀ ಮರದ್ದು. ಮುರುಗೇಶ ಮೂರು ಬುಟ್ಟಿ ಹಾಕಿಸಿದ. ಜನ ಎದ್ದು ಕುಣಿದರು. ಚಿದಂಬರನೂ ಕುಣಿದ, ಆದರೆ ಒಂದು ಕಣ್ಣು ಗಡಿಯಾರದ ಮೇಲಿಟ್ಟುಕೊಂಡೇ. ಎಂಟು ನಿಮಿಷ. ಒಂಬತ್ತು. ಹತ್ತು. ಹನ್ನೊಂದನೆಯ ನಿಮಿಷದ ಮೊದಲ ಸೆಕೆಂಡಿಗೆ ಅವನು ಗೆರೆಯ ಬಳಿ ಬಂದು ನಿಂತು, ಬೂಟಿನ ಲೇಸು ಬಿಗಿಯುತ್ತ, ಮುರುಗೇಶನಿಗೆ ಕೇಳಿಸುವಂತೆ ಜೋರಾಗಿ ಕೆಮ್ಮಿದ.