ನೀಲಿ ಕೈಗಳ ಬೀದಿ

ನಮ್ಮ ಬೀದಿಗೆ ಹೆಸರಿಟ್ಟವರು ನಾವಲ್ಲ. ಯಾರೋ ಪ್ರವಾಸಿ ನನ್ನ ಚಿಕ್ಕಮ್ಮನ ಕೈಗಳ ಫೋಟೊ ಇಂಟರ್ನೆಟ್ಟಿನಲ್ಲಿ ಹಾಕಿ ‘ನೀಲಿ ಕೈಗಳ ಬೀದಿ’ ಎಂದು ಬರೆದ. ಆಮೇಲೆ ಬಂದವರೆಲ್ಲ ಅದನ್ನೇ ಬರೆದರು. ಕೊನೆಗೆ ಪ್ರವಾಸೋದ್ಯಮ ಕಚೇರಿಯವರು ಬಸ್ ನಿಲ್ದಾಣದಲ್ಲಿ ಅದೇ ಹೆಸರಿನ ಫಲಕ ನಿಲ್ಲಿಸಿದರು. ಡಿಗ್ರಿ ಮುಗಿಸಿದ ನನಗೆ ಆ ಕಚೇರಿಯಲ್ಲೇ ಕೆಲಸ ಸಿಕ್ಕಿತು. ಪ್ರವಾಸಿಗರು ಬರೆದದ್ದನ್ನು ಓದಿ, ಅವರಿಗೆ ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎಂದು ಸಾಹೇಬರಿಗೆ ತಿಳಿಸಬೇಕು. ನಾಲ್ಕು ಜನರೆದುರು ಮಾತೇ ಹೊರಡದ ನನಗೆ ಓದುವ ಕೆಲಸವೇ ವಾಸಿ ಅನ್ನಿಸಿತ್ತು.

ಫಲಕ ಬರುವ ಹೊತ್ತಿಗೆ ಚಿಕ್ಕಮ್ಮ ನೂಲಿಗೆ ನೀಲಿ ಹಾಕುವ ಬಣ್ಣದ ತೊಟ್ಟಿಯ ಕೆಲಸ ಬಿಟ್ಟಿದ್ದಳು. ಹುಡುಗಿಯಾಗಿದ್ದಾಗಿನಿಂದ ನೂಲು ಅದ್ದಿದ ಕೈ ಅದು. ಬೆರಳ ಸಂದಿ ಬಿರಿದು, ತುದಿಗಳಲ್ಲಿ ಜೋಮು ಹಿಡಿದಿತ್ತು. ಇನ್ನು ಆ ನೀರು ಮುಟ್ಟಿದರೆ ಸ್ಪರ್ಶವೇ ಹೋಗುತ್ತದೆಂದು ಡಾಕ್ಟರು ಗದರಿದ್ದರು. ಉಳಿದ ಹೆಂಗಸರು ಅದನ್ನು ನೋಡಿ ಹೆದರಿ ರಬ್ಬರ್ ಗವಸು ಹಾಕಿಕೊಂಡರು.

‘ನೀಲಿ ಕೈ ಎಲ್ಲಿ?’ ಎಂಬ ದೂರುಗಳು ಶುರುವಾದವು.

“ಗವಸು ತೆಗೀರಿ ಅಂತ ಎಲ್ಲರಿಗೂ ಹೇಳಿಬಿಡೋಣ,” ಎಂದರು ಸಾಹೇಬರು.

ನಾನು ಮೊದಲ ಸಲ ಬಾಯಿ ತೆರೆದೆ. “ಸರ್, ನಾಟಕದವರು ಹಚ್ಕೋತಾರಲ್ಲ, ತೊಳೆದ್ರೆ ಹೋಗೋ ಬಣ್ಣ... ಅದು ಸಾಲದಾ?”

“ಅರೆ, ನಿಂಗೂ ಮಾತು ಬರುತ್ತಾ!”

ಮರುದಿನದಿಂದ ಬೆಳಿಗ್ಗೆ ಬೆಳಿಗ್ಗೆ ನಾನೇ ಚಿಕ್ಕಮ್ಮನ ಮಾಸಿದ ಕೈಗೆ ನಾಟಕದ ಬಣ್ಣ ಬಳಿದು, ಪ್ರವಾಸಿಗರಿಗೆ ಕಾಣುವಂತೆ ಜಗಲಿಯಲ್ಲಿ ಕೂರಿಸತೊಡಗಿದೆ.

“ಮದುವೇಲೂ ನಂಗೆ ಇಷ್ಟು ಸಿಂಗಾರ ಆಗಿರ್ಲಿಲ್ಲ ಕಣೇ,” ಎಂದು ನಗುತ್ತಿದ್ದಳು. “ನಿಮ್ಮ ಚಿಕ್ಕಪ್ಪ ನೋಡಿದ್ರೆ ಇನ್ನೊಂದ್ಸಲ ತಾಳಿ ಕಟ್ತಿದ್ರು.”

ಒಂದು ಸೆಕೆಯ ದಿನ ಒಬ್ಬ ಪ್ರವಾಸಿ ಅವಳ ಬೆವೆತ ಕೈ ಕುಲುಕಿದ. ಅವನ ಬಿಳಿ ಅಂಗಿಯ ತೋಳಿಗೆ ನೀಲಿ ಮೆತ್ತಿಕೊಂಡಿತು. ‘ಶುದ್ಧ ಮೋಸ. ಬೀದಿಗೆ ಬೀದಿಯೇ ನಾಟಕ,’ ಎಂದು ಬರೆದ. ಈ ಮಾತೂ ಮೊದಲಿನ ಹೆಸರಿನಷ್ಟೇ ಬೇಗ ಹಬ್ಬಿತು. ಬಸ್ಸುಗಳು ನಮ್ಮ ಬೀದಿಯ ತಿರುವಿನಲ್ಲಿ ನಿಲ್ಲದೆ ಹೋಗತೊಡಗಿದವು. ನೂಲು ಮಾರುವ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು ಅಂದಳು:

“ಅಕ್ಕಾ, ನಮ್ಮ ನೂಲು ನೋಡೋಕೆ ಯಾರು ಬರ್ತಿದ್ರು? ನಿಮ್ಮ ಕೈ ನೋಡೋಕೆ ಬರೋರು. ಈಗ ನಮ್ಮನ್ನೂ ಕಳ್ಳರು ಅಂತಾರೆ.”

ಚಿಕ್ಕಮ್ಮ ಬಚ್ಚಲಿಗೆ ಹೋಗಿ ಕೈಯ ಬಣ್ಣ ತೊಳೆದುಬಿಟ್ಟಳು.

ಆ ವಾರವೇ ಒಂದು ಸಂಜೆ ಕಚೇರಿಯಿಂದ ಬಂದರೆ ಬೀದಿಯಲ್ಲಿ ಗುಂಪು. ನಡುವೆ ಚಿಕ್ಕಮ್ಮ, ಮೊಣಕೈವರೆಗೂ ತೊಟ್ಟಿಯಲ್ಲಿ. ಪ್ರವಾಸಿ ಹೆಂಗಸೊಬ್ಬಳು ಅವಳ ಒಂದು ಕೈ ಹೊರಗೆಳೆದು ಒದ್ದೆ ಕರವಸ್ತ್ರದಿಂದ ಅಂಗೈಯನ್ನು ತಿಕ್ಕಿ ತಿಕ್ಕಿ ನೋಡಿದಳು. ಬಣ್ಣ ಬಿಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

“ಚಿಕ್ಕಮ್ಮಾ, ತೆಗಿ ಕೈ!” ನಾನು ಕಿರುಚಿದೆ.

“ಸುಮ್ನಿರೇ. ಕಳ್ಳಿ ಅನ್ನಿಸ್ಕೊಂಡು ಈ ಬೀದೀಲಿ ಹೇಗೆ ಓಡಾಡ್ಲಿ?”

ಆಮೇಲೆ ಅವಳು ದಿನವೂ ತೊಟ್ಟಿಗಿಳಿದಳು; ನನ್ನ ಬೇಡಿಕೆ, ಅಳು, ಜಗಳ ಯಾವುದೂ ನಾಟಲಿಲ್ಲ. ‘ಇದು ಅಸಲಿ’ ಎಂದು ಜನ ಬರೆದರು. ಸಾಹೇಬರು ಫಲಕದಲ್ಲಿ ‘ಅಸಲಿ’ ಸೇರಿಸಲು ಪೇಂಟರನ್ನು ಕರೆಸಿದರು.

ಫಲಕ ಬದಲಾದ ದಿನ ಅವಳು ಬಚ್ಚಲಲ್ಲಿ ಹಂಡೆಯ ಮುಂದೆ ಕೂತಿದ್ದಳು. ಹಬೆಗೆ ಮುಖವೇ ಕಾಣುತ್ತಿರಲಿಲ್ಲ. ಕೈ ನೀರಿನೊಳಗಿತ್ತು.

“ಯಾಕೋ ನೀರು ಕಾದೇ ಇಲ್ಲ ನೋಡೇ,” ಎಂದಳು.

ತೋಳು ಹಿಡಿದು ಎಳೆದೆ. ಅಷ್ಟರಲ್ಲೇ ನೀಲಿಯ ಮೇಲೆ ಗುಳ್ಳೆಗಳೆದ್ದಿದ್ದವು. ಅವಳು ಆ ಕೈಗಳನ್ನು ಬೇರೆಯವರ ಕೈ ನೋಡುವಂತೆ ನೋಡುತ್ತ ಕೂತಳು.