ಹಳ್ಳದ ನೀರು ಇಳಿದ ಸಂಜೆ

ಚಂಡಮಾರುತದ ಸುದ್ದಿ ಬಂದಾಗಲೆಲ್ಲ ತೈವಾನಿನ ಶಾಕ್‌ಹಾಂಗ್ ಕಣಿವೆಯಲ್ಲಿ ಒಂದೇ ಜಗಳ. ಮನೆ ಬಿಡಬೇಕೋ, ಬೇಡವೋ?

ಫಾಂಗ್ ಅಶಿನ್ ಬೇಡ ಅನ್ನುವವರ ಪೈಕಿ. ಹೋದ ವರ್ಷ ಎರಡು ಸಲ ಸರ್ಕಾರದ ಮಾತು ಕೇಳಿ ಶಾಲೆಯ ಸಭಾಂಗಣದಲ್ಲಿ ಚಾಪೆ ಹಾಸಿ ಮಲಗಿದ್ದ. ಎರಡು ಸಲವೂ ಬೆಟ್ಟದಿಂದ ಒಂದು ಬೆಣಚುಕಲ್ಲೂ ಉರುಳಿರಲಿಲ್ಲ. ಈ ಅಕ್ಟೋಬರಿನಲ್ಲಂತೂ ಹಳ್ಳದ ದಂಡೆಯ ಅವನ ಶೆಡ್ಡಿನಲ್ಲಿ ಸಿಪ್ಪೆ ಸುಲಿದ ಪರ್ಸಿಮನ್ ಹಣ್ಣುಗಳು ಒಣಗುತ್ತಿದ್ದವು. ಒಲೆಯ ಬಿಸಿ ಒಂದು ದಿನ ತಪ್ಪಿದರೂ ಬೂಷ್ಟು ಹಿಡಿಯುತ್ತದೆ.

ಮಧ್ಯಾಹ್ನ ಹ್ವೇ ಬಂದಳು. ಪಕ್ಕದ ಮನೆಯ ಸೊಸೆ, ವಿಯೆಟ್ನಾಮಿನಿಂದ ಮದುವೆಯಾಗಿ ಬಂದು ಹದಿನಾಲ್ಕು ವರ್ಷ. ಸರ್ಕಾರದ ತರಬೇತಿ ಪಡೆದು ಈಗ ಕಣಿವೆಯ ವಿಪತ್ತು ಸ್ವಯಂಸೇವಕಿ. ಕೈಯಲ್ಲಿ ಮಳೆ ಅಳೆಯುವ ಕೊಳವೆ ಇತ್ತು.

"ಮಾವ, ಹಳದಿ ಎಚ್ಚರಿಕೆ ಬಂದಿದೆ. ನಡೆಯೋಕಾಗದವರು ಮೊದಲು ಹೊರಡಬೇಕು. ಅಜ್ಜಿಯನ್ನ ರೆಡಿ ಮಾಡಿ."

"ಎಲ್ಲಮ್ಮಾ ಮಳೆ? ಈ ತುಂತುರಿಗೆ ನನ್ನ ಕೋಳಿಗಳೂ ಒಳಗೆ ಬಂದಿಲ್ಲ."

"ನಮ್ಮ ಸೂರಿನ ಮೇಲೆ ಬೀಳೋ ಮಳೆಗೆ ಹೆದರ್ತಿಲ್ಲ ಮಾವ. ಬೆಟ್ಟದ ನೆತ್ತಿ ಮೇಲೆ ಬೆಳಗಿಂದ ಸುರೀತಾ ಇದೆಯಲ್ಲ, ಅದಕ್ಕೆ."

"ತೈಪೆಯಲ್ಲಿ ಕುರ್ಚಿ ಬಿಸಿ ಮಾಡೋರಿಗೆ ನಮ್ಮ ಹಳ್ಳ ಏನು ಗೊತ್ತು? ಇದರ ನೀರು ಕುಡಿದು ಬೆಳೆದವನು ನಾನು. ನೀನು ನಿನ್ನೆ ಮೊನ್ನೆ ಬಂದವಳು."

ಈ ಮಾತು ಹ್ವೇಗೆ ಹೊಸದಲ್ಲ. ಜಗುಲಿಯ ಅಂಚಿನಲ್ಲಿ ಕೂತಳು.

"ತೊಂಬತ್ತೊಂಬತ್ತರಲ್ಲಿ ದೊಡ್ಡ ಭೂಕಂಪ ಆದಾಗ ನಾನಿರಲಿಲ್ಲ, ನಿಜ. ನೀವಿದ್ರಿ. ಯಾರು ಯಾರನ್ನ ಎಬ್ಬಿಸಬೇಕು, ಎಲ್ಲಿಗೆ ಕರ್ಕೊಂಡು ಹೋಗಬೇಕು, ಆವತ್ತು ಯಾರಿಗಾದ್ರೂ ಗೊತ್ತಿತ್ತಾ?"

ಆವತ್ತು ಅಶಿನ್‌ನ ತಮ್ಮ ಮಣ್ಣಿನಡಿ ಸಿಕ್ಕಿದ್ದ. ಹೊರಗೆ ತೆಗೆಯುವವರು ಬರಲು ಎರಡು ದಿನವಾಗಿತ್ತು.

"ಮರುವರ್ಷ ವಿಪತ್ತಿಗೆ ಅಂತಾನೇ ಕಾನೂನು ಬಂತು. ದೇಶದ ಸರ್ಕಾರದ ಕೆಲಸ ಯಾವುದು, ಜಿಲ್ಲೆಯದ್ದು ಯಾವುದು, ಊರಿನದ್ದು ಯಾವುದು ಅಂತ ಬರೆದಿಟ್ರು. ಎಂಜಿನಿಯರುಗಳು ಹಳ್ಳ ಹಳ್ಳ ಸುತ್ತಿ ನಂಬರ್ ಕೊಟ್ರು. ಇಷ್ಟು ಮಳೆ ದಾಟಿದ್ರೆ ಅಪಾಯ ಅಂತ ಒಂದೊಂದಕ್ಕೂ ಗೆರೆ ಎಳೆದ್ರು. ಶಾಲೆಯಲ್ಲಿ ಅಕ್ಕಿ, ಔಷಧಿ ಮೊದಲೇ ತುಂಬಿಸಿಡೋದೂ ಆ ಲೆಕ್ಕದಲ್ಲೇ. ತೈಪೆಯವರಿಗೆ ನಮ್ಮ ಹಳ್ಳ ಗೊತ್ತಿಲ್ಲ ಅಂತಾನೇ ಈ ಕೊಳವೆ ನನ್ನ ಕೈಗೆ ಕೊಟ್ಟಿರೋದು."

"ಹೋದ ವರ್ಷ ಎರಡು ಸಲ ಸುಳ್ಳಾಯ್ತಲ್ಲ?"

"ಗುಡ್ಡ ಬೀಳಲಿಲ್ಲ ಅಂತ ಬೇಜಾರಾ ಮಾವ?"

ಒಳಗಿದ್ದ ಹೆಂಡತಿ ಮಾನ್‌ಮೊಯ್ ಕಿಸಕ್ಕನೆ ನಕ್ಕಳು.

ಅಷ್ಟರಲ್ಲಿ ಜನರನ್ನು ಶಾಲೆಗೆ ಒಯ್ಯುವ ವ್ಯಾನು ಬಂತು. ಚಾಲಕ ಇಳಿದು ಹಾಳೆ ನೋಡಿ ಓದಿದ: "ಫಾಂಗ್ ಅಜ್ಜಿ, ಎಂಬತ್ನಾಲ್ಕು. ಗಾಲಿಕುರ್ಚಿ. ಬಿಪಿ ಮಾತ್ರೆ ದಿನಕ್ಕೆರಡು. ಇವರೇನಾ?"

ತನ್ನ ತಾಯಿಯ ಮಾತ್ರೆಯವರೆಗೂ ಯಾರೋ ಬರೆದಿಟ್ಟಿದ್ದಾರೆ ಎಂದು ಅಶಿನ್‌ಗೆ ಗೊತ್ತಿರಲಿಲ್ಲ. ಗಾಲಿಕುರ್ಚಿಯ ಒಂದು ಬದಿ ಹಿಡಿದು ವ್ಯಾನಿಗೆ ಎತ್ತಿದ. ಮಾನ್‌ಮೊಯ್ ಜೊತೆಗೆ ಹತ್ತಿದಳು. ಅಶಿನ್ ಮಾತ್ರ ಹತ್ತಲಿಲ್ಲ. "ಒಲೆ ನೋಡ್ಕೊಳ್ಳೋರು ಯಾರು? ನೀವು ನಡೀರಿ."

ನಾಲ್ಕು ಗಂಟೆಗೆ ಕೆಂಪು ಎಚ್ಚರಿಕೆ ಬಂತು. ಕೆಂಪು ಎಂದರೆ ಎಲ್ಲರೂ ಹೊರಡಲೇಬೇಕು. ಈಗ ಕಣಿವೆಯಲ್ಲೂ ಮಳೆ ಜೋರಾಗಿತ್ತು. ಕಡೆಯ ಮನೆಯವರನ್ನು ಕಳಿಸಿ ಹ್ವೇ ಓಡಿ ಬಂದಾಗ ಅಶಿನ್ ಶೆಡ್ಡಿನ ಬಾಗಿಲಲ್ಲಿ ಗೆದ್ದವನ ಹಾಗೆ ನಿಂತಿದ್ದ.

"ನೋಡಮ್ಮಾ ನಿನ್ನ ಕೆಂಪು! ಹಳ್ಳ ಇಳಿದಿದೆ. ಮೊಣಕಾಲು ಮುಚ್ಚುತ್ತಿದ್ದ ನೀರು ಪಾದಕ್ಕೆ ಬಂದಿದೆ."

ಹ್ವೇ ನೀರನ್ನೇ ನೋಡಿದಳು.

"ಮಳೆ ಏರ್ತಾ ಇದ್ರೆ ನೀರು ಯಾಕೆ ಇಳಿಯುತ್ತೆ ಮಾವ? ಮೇಲೆಲ್ಲೋ ಗುಡ್ಡ ಕುಸಿದು ಹಳ್ಳ ಕಟ್ಟಿಕೊಂಡಿದೆ. ಒಡೆದ್ರೆ ಒಂದೇ ಸಲ ಬರುತ್ತೆ. ಬನ್ನಿ!"

ಐವತ್ತೆಂಟು ವರ್ಷದಲ್ಲಿ ಅಶಿನ್ ಆ ಹಳ್ಳವನ್ನು ಹಾಗೆ ಕಂಡಿರಲಿಲ್ಲ. ಗಾಳಿಯಲ್ಲಿ ಹಸಿ ಮಣ್ಣಿನ ಕಮಟು ವಾಸನೆ ಬಂತು. ಹಣ್ಣು ಹರವಿದ್ದ ತಟ್ಟೆಗಳ ಕಡೆ ಒಮ್ಮೆ ತಿರುಗಿ ನೋಡಿ, ಒಲೆ ಆರಿಸಿ ಹೊರಟ. ಅವನ ಕಾಲು ರೂಢಿಯಂತೆ ಹಳ್ಳದ ಹಾದಿ ಹಿಡಿಯಿತು. ಹ್ವೇ ತೋಳು ಹಿಡಿದು ಎಳೆದಳು. "ಅದರ ಜೊತೆ ಓಡಬೇಡಿ, ಪಕ್ಕಕ್ಕೆ ಹತ್ತಿ, ಮೇಲಕ್ಕೆ!"

ರಸ್ತೆ ಮುಟ್ಟಿ ಸ್ವಲ್ಪ ಹೊತ್ತಾಗಿತ್ತಷ್ಟೆ. ಕೆಳಗೆ ನೆಲ ಗುಡುಗಿತು. ವ್ಯಾನಿನಷ್ಟು ದೊಡ್ಡ ಬಂಡೆಗಳು ಕೆಸರಿನಲ್ಲಿ ತೇಲಿ ಬಂದವು. ಶೆಡ್ಡು ಹೋಯಿತು, ಅಡುಗೆಮನೆಯ ಗೋಡೆಯೂ ಹೋಯಿತು. ಅಶಿನ್ ರಸ್ತೆಯ ಮೇಲೆಯೇ ಕುಕ್ಕರಿಸಿದ.

ಶಾಲೆಯಲ್ಲಿ ತಾಯಿ ಗಂಜಿ ಕುಡಿಯುತ್ತಿದ್ದಳು.

"ಹಣ್ಣು?" ಎಂದಳು.

"ಹೋಯ್ತಮ್ಮ."

"ಮರ?"

"ಇವೆ."

"ಹಾಗಾದ್ರೆ ಕೂತ್ಕೊ, ಗಂಜಿ ಕುಡಿ."

ಹ್ವೇ ಪಟ್ಟಿ ತೆಗೆದು ಕಡೆಯ ಹೆಸರಿನ ಮುಂದೆ ಗುರುತು ಹಾಕಿದಳು. ಇಪ್ಪತ್ತಮೂರು ಮನೆ, ಒಬ್ಬರೂ ಕಡಿಮೆಯಿಲ್ಲ.

ಅಶಿನ್ ಹೊಸ ಶೆಡ್ಡನ್ನು ಹಳ್ಳದಿಂದ ದೂರ, ಎತ್ತರದಲ್ಲಿ ಕಟ್ಟಿದ್ದಾನೆ. ಮೇ ತಿಂಗಳ ವಿಪತ್ತು ತಾಲೀಮಿಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಎಲ್ಲರಿಗಿಂತ ಮೊದಲು ಬಂದ. ಅಲ್ಲಿ ಅಧಿಕಾರಿಯ ಮುಂದೆ ನಿಂತು, "ಬೆಟ್ಟದ ಆ ಬದಿಗೂ ಒಂದು ಮಳೆಮಾಪಕ ಬೇಕು, ಬರ್ಕೊಳ್ಳಿ" ಎಂದು ಜಗಳವನ್ನೂ ಆಡಿದ. ಅಧಿಕಾರಿ ಬರೆದುಕೊಂಡರು.

ಓದುತ್ತಿರುವ ಅಕ್ಕ, ಅಣ್ಣ, ನೀವೂ ಕೇಳಿ. ನಮ್ಮೂರಿನ ಅಪಾಯದ ನಕ್ಷೆ ಎಲ್ಲಿದೆ? ಎಚ್ಚರಿಕೆ ಕೊಡುವವರು ಯಾರು? ನಡೆಯಲಾಗದವರ ಪಟ್ಟಿಯಲ್ಲಿ ನಮ್ಮ ಮನೆಯವರ ಹೆಸರಿದೆಯೇ? ಇಲ್ಲದಿದ್ದರೆ ಪಂಚಾಯಿತಿಗೆ ಹೋಗಿ ಬರೆಸಿ ಬನ್ನಿ. ಹೊರಡಿ ಎಂದಾಗ ಹೊರಡಿ, ಹತ್ತು ಸಲ ಏನೂ ಆಗದಿದ್ದರೂ ಹನ್ನೊಂದನೆಯ ಸಲವೂ ಹೊರಡಿ. ಸರ್ಕಾರ ನಿಮ್ಮ ಬಾಗಿಲವರೆಗೆ ಬರಬಹುದು. ಹೊಸಿಲು ದಾಟಬೇಕಾದವರು ನೀವು.