ಕೆಡವುವ ವಿದ್ಯೆ

ಕುಣಿಕೆ ಎಡಗಾಲಿಗೆ ಬಿದ್ದದ್ದೇ ತಡ, ಈಶ್ವರಯ್ಯ ಹಗ್ಗ ಜಗ್ಗಿದ. ಪಾಲಾಕ್ಷ ಕೊಟ್ಟಿಗೆಯ ಹುಲ್ಲಿನ ಮೇಲೆ ಮಗುಚಿ ಬಿದ್ದ. ಈಶ್ವರಯ್ಯ ತಮ್ಮನ ಹೆಗಲ ಮೇಲೆ ಮಂಡಿಯೂರಿ, ಕೈಕಾಲು ಸೇರಿಸಿ ಬಿಗಿದು, "ಈಗ ಬಾರಮ್ಮ, ಉಣ್ಸು" ಎಂದ.

ರೇವಮ್ಮ ಗಂಡನ ಬಾಯಿಗೆ ಮುದ್ದೆಯ ತುತ್ತು ಇಟ್ಟಳು. ಪಾಲಾಕ್ಷ ಅದನ್ನು ಅಣ್ಣನ ಮುಖಕ್ಕೆ ಉಗಿದ.

"ನೋಡ್ದಾ? ಹುಚ್ಚು ಇನ್ನೂ ಇಳ್ದಿಲ್ಲ ಕಣಮ್ಮ. ನಾಳೀಕೆ ಆಚಾರಿ ಬತ್ತಾನೆ. ಕಾಲಿಗೆ ಕಬ್ಬಿಣದ ಕೋಳ ಬಡಿಸ್ಬುಡ್ತೀನಿ."

"ಆಮ್ಯಾಕೆ ಬಿಚ್ಚೋದು ಯಾವಾಗ ಬಾವ?"

"ಬಿಚ್ಚೋಕೆ ಬಡಿಸ್ತಾರಾ?"

ಅರಕಲಗೂಡು ಪೇಟೆಯಲ್ಲಿ ಎತ್ತಿಗೆ ಲಾಳ ಕಟ್ಟುವುದರಲ್ಲಿ ಈಶ್ವರಯ್ಯನ ಕೈಯೇ ಕೈ. ರಾಮನಾಥಪುರದ ಹೊಗೆಸೊಪ್ಪಿನ ಗಾಡಿಗಳೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದವು. ಎತ್ತು ಒದೆಯುವ ಮೊದಲೇ ಕೆಡವಬೇಕು, ಒದ್ದ ಮೇಲೆ ಕೆಡವಲು ಹೋದವನ ಹಲ್ಲು ಉಳಿಯುವುದಿಲ್ಲ. ಅದು ಅವನ ಕಸುಬಿನ ಮೊದಲ ಪಾಠ.

ಯುದ್ಧ ಶುರುವಾದ ವರ್ಷ, ಗಾಡಿ ಹೊಡೆಯುತ್ತಿದ್ದ ತಮ್ಮ ಮಾತು ಬಿಟ್ಟ. ಮಂಕಾಗಿ ಕೂತ. ಒಂದು ದಿನ ಬಾರುಕೋಲು ಬೀಸಿ ಅಣ್ಣನ ಹಣೆ ಸೀಳಿದ. ಅಂದಿನಿಂದ ಈಶ್ವರಯ್ಯ ದಿನಾ ಬೆಳಿಗ್ಗೆ ಅವನನ್ನು ಕೆಡವಿಯೇ ಉಣ್ಣಿಸಿದ, ಉಳಿದ ಹೊತ್ತು ಗೂಟಕ್ಕೆ ಕಟ್ಟಿದ. ಕೆಡವಿದಾಗೆಲ್ಲ ಪಾಲಾಕ್ಷ ಒದ್ದ. ಒದ್ದಾಗೆಲ್ಲ ಕೆಡವಿದ್ದೇ ಸರಿ ಅನ್ನಿಸಿತು. ಕಟುಕನಲ್ಲ ಈಶ್ವರಯ್ಯ, ತಮ್ಮನಿಗೆ ಒಂದು ಏಟೂ ಹಾಕಿದವನಲ್ಲ. ಅವನಿಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ.

ಆ ದಿನ ಈಶ್ವರಯ್ಯ ಪೇಟೆಗೆ ಹೋದ ಮೇಲೆ ರೇವಮ್ಮ ಬೇರೆ ಮುದ್ದೆ ಕಟ್ಟಿ, ತಟ್ಟೆ ಹಿಡಿದು ಕೊಟ್ಟಿಗೆಗೆ ಹೊರಟಳು. ಪಕ್ಕದ ಮನೆಯ ದೊಡ್ಡತಾಯಮ್ಮ ಗೋಡೆಯಾಚೆಯಿಂದ ಕೂಗಿದಳು.

"ಲೇ ರೇವಿ, ಒಬ್ಳೇ ಓಗ್ಬ್ಯಾಡ ಕಣೇ! ಒನಕೆನಾದ್ರೂ ತಕಾ!"

"ಒನಕೆ ಇಡ್ಕಂಡ್ರೆ ತಟ್ಟೆ ಎಲ್ಲಿಡ್ಲಿ ದೊಡ್ಡವ್ವ?"

"ನಿನ್ ತಲೆ ಮ್ಯಾಲಿಟ್ಕೋ!"

ರೇವಮ್ಮ ತಟ್ಟೆಯನ್ನು ನೆಲಕ್ಕಿಟ್ಟು ಗಂಡನ ಕೈಯ ಗಂಟಿಗೆ ಬೆರಳು ಹಾಕಿದಳು. ಕೈ ಬಿಚ್ಚಿಕೊಂಡದ್ದೇ ತಡ, ಪಾಲಾಕ್ಷ ಅವಳ ಮಣಿಕಟ್ಟು ಹಿಡಿದು ತಿರುಚಿದ. ಗಾಜಿನ ಬಳೆ ಒಡೆದು ಚರ್ಮಕ್ಕೆ ಇಳಿಯಿತು. ಅವಳು ಕೂಗಲಿಲ್ಲ, ಕೈ ಕಿತ್ತುಕೊಳ್ಳಲಿಲ್ಲ.

"ಬಿಡಿ, ನೋಯ್ತೈತೆ."

ಅವನು ಅವಳ ಮುಖ ನೋಡಿದ. ಹಿಡಿತ ಬಿಗಿಯಾಗಿಯೇ ಇತ್ತು. ಆಮೇಲೆ ಒಂದೊಂದೇ ಬೆರಳು ಸಡಿಲವಾಯಿತು. ಅವಳು ಕಾಲಿನ ಹಗ್ಗವನ್ನೂ ಬಿಚ್ಚಿ, ಹೋಗಿ ಹೊಸ್ತಿಲ ಮೇಲೆ ಕೂತಳು. ಪಾಲಾಕ್ಷ ಬಹಳ ಹೊತ್ತು ತನ್ನ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಂಡ. ಆಮೇಲೆ ಮುದ್ದೆ ಮುರಿದ, ಸಾರಿಗೆ ಅದ್ದಿದ, ನುಂಗಿದ.

ತಟ್ಟೆ ಅರ್ಧ ಖಾಲಿಯಾಗಿತ್ತು. ಈಶ್ವರಯ್ಯ ಬಂದ. ಯಾರೋ ಸುದ್ದಿ ಮುಟ್ಟಿಸಿರಬೇಕು, ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ.

"ಯಾರ್ ಬಿಚ್ಚಿದ್ದು? ಸಾಯ್ಬೇಕು ಅಂತಿದ್ದೀಯೇನಮ್ಮ?"

"ನಾನೇ ಬಿಚ್ಚಿದ್ದು. ಉಣ್ತಾವ್ರೆ, ನೋಡಿ ಬಾವ."

ಅವಳ ಮಣಿಕಟ್ಟಿನ ರಕ್ತ ಕಂಡು ಈಶ್ವರಯ್ಯ ಗೂಟದ ಹಗ್ಗದ ಕಡೆ ಕೈ ಚಾಚಿದ. ಪಾಲಾಕ್ಷ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಯಾರೂ ಮುಟ್ಟುವ ಮೊದಲೇ ತಾನಾಗಿ ಹುಲ್ಲಿನ ಮೇಲೆ ಮಗ್ಗುಲಾಗಿ, ಕಣ್ಣು ಮುಚ್ಚಿ, ಎಡಗಾಲು ಮುಂದಕ್ಕೆ ಚಾಚಿದ.

ಈಶ್ವರಯ್ಯ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಏಳ್ಲಾ," ಎಂದ. "ಏಳ್ಲಾ ಪಾಲಾಕ್ಷ, ಉಣ್ಣು."

ಪಾಲಾಕ್ಷ ಏಳಲಿಲ್ಲ. ಈಶ್ವರಯ್ಯ ರೇವಮ್ಮನ ಕಡೆ ತಿರುಗದೆಯೇ, "ಆಚಾರಿಗೆ ಬರ್ಬ್ಯಾಡ ಅಂತ ಯೋಳಿ ಕಳ್ಸಮ್ಮ" ಎಂದ.

ಆಮೇಲೆ ತಮ್ಮನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಆ ಚಾಚಿದ ಕಾಲಿಗೆ ಅಂಟಿದ್ದ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ತೆಗೆಯತೊಡಗಿದ.